ಹತ್ತು ಯಾರು, ಓ ಅನ್ನಿ

ಹಸಿರು ದೀಪ ಮಿಣಕುತ್ತದೆ, ಮತ್ತೆ ಮಿಣಕುತ್ತದೆ, ತಂತಿಯಲ್ಲಿ ಜೀವ ಇದೆ, ಮತ್ಯಾಕೆ ತೆರೆಯ ಮೇಲೆ ಜೈಲು ಕಾಣುತ್ತಿಲ್ಲ – ಜೇವರ್ಗಿ ಕೋರ್ಟಿನ ಹಿಂದಿನ ಕೋಣೆಯಲ್ಲಿ ಜಗದೇವ ಮೊಣಕಾಲೂರಿದ್ದಾನೆ, ಲ್ಯಾಪ್‌ಟಾಪಿನ ಕರಿ ಪರದೆಯ ತುಂಬ ಅದೇ ಸಾಲು, ಹತ್ತು ಯಾರು, ಓ ಅನ್ನಿ, ಹತ್ತು ಯಾರು, ಓ ಅನ್ನಿ, ಜೈಲಿನ ವಿಡಿಯೊ ಡಬ್ಬಿ ಕೂಗುತ್ತಿದೆ, ಹತ್ತು ಅಂದರೆ ಈ ಕೋರ್ಟಿನ ಕ್ಯಾಮೆರಾ, ಗೋಡೆಯಾಚೆಗೇ ಇದೆ, ಅದಕ್ಕೆ ಕೂಗು ಮುಟ್ಟುವುದಿಲ್ಲ – ಧಮ್ಮಪಾಲ ಬಿನ್ ಅಣ್ಣಾರಾಯ ಹಾಜರ್, ಬಾಗಿಲಲ್ಲಿ ಜವಾನನ ಮೊದಲ ಕೂಗು, ಜೈಲಿನಲ್ಲಿರುವ ಅಣ್ಣನ ಹೆಸರು, ಜಡ್ಜ್ ಸಾಹೇಬ್ರು ಮುಖ ನೋಡಿ ಮಾತಾಡ್ಸಬೇಕಂದಾರಪಾ, ವಕೀಲರು ಬೆಳಿಗ್ಗೆಯೇ ಅಂದಿದ್ದರು, ತೆರಿಮ್ಯಾಲ ಬರಲಿಲ್ಲಂದ್ರ ಜಾಮೀನು ಮುಂದಿನ ತಾರೀಖಿಗೆ, ನಾಳಿಂದ ಕೋರ್ಟಿಗೆ ರಜಾ ನೋಡು – ಊರಲ್ಲಿ ತಮ್ಮ ಓಣಿಯ ಹೆಸರಿನ ಬೋರ್ಡಿಗೆ ಸೆಗಣಿ ಬಳಿಯುವವರ ಕೈ ಹಿಡಿದು ತಡೆದವನು ಅಣ್ಣ, ಜೈಲಿಗೆ ಹೋದವನೂ ಅಣ್ಣ, ಬಳಿದವರು ಅಂದೋಲಾದ ಚಹಾದಂಗಡಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತಿದ್ದಾರೆ – ಮೊನ್ನೆಯವರೆಗೆ ಜೈಲಿನದು, ಕೋರ್ಟಿನದು, ಎರಡೂ ತಂತಿ ಸೇತುವೆಯಂಥ ಒಂದೇ ಡಬ್ಬಿಗೆ ಕೂಡಿದ್ದವು, ಒಂದೇ ಓಣಿ, ಆ ತುದಿಯಲ್ಲಿ ಕೂಗಿದರೆ ಈ ತುದಿಗೆ ಕೇಳುತ್ತಿತ್ತು, ಜಗದೇವನನ್ನು ಕೆಲಸಕ್ಕಿಟ್ಟ ಗುತ್ತೇದಾರ ಮಲ್ಕಪ್ಪ ಹೊಸ ಡಬ್ಬಿ ತಂದು ನಡುವೆ ಗೇಟು ನಿಲ್ಲಿಸಿ ಓಣಿ ಎರಡು ಮಾಡಿದ, ಜೈಲಿನವರಿಗೆ ಹೇಳಲೇ ಇಲ್ಲ, ಪಾಪ ಅವರ ಡಬ್ಬಿ ಇನ್ನೂ ಒಂದೇ ಓಣಿ ಅಂತ ನಂಬಿ ಬಾಯಿ ಮಾಡುತ್ತಿದೆ, ಗೇಟು ಎಲ್ಲ ಕೇಳಿಸಿಕೊಂಡು ಕಿವುಡರಂತೆ ನಿಂತಿದೆ – ಸಣ್ಣವರಿದ್ದಾಗ ತೊಗರಿ ಹೊಲದಲ್ಲಿ ತಲೆಗಿಂತ ಎತ್ತರ ಗಿಡ, ಜಗ್ಯಾ, ಎಲ್ಲದೀ, ಓ ಅನ್ನಲೇ, ಅಣ್ಣ ಕೂಗುತ್ತಾನೆ, ತಾನು ಬಾಯಿಗೆ ಕೈ ಹಿಡಿದು ನಗುತ್ತ ಕೂತಿದ್ದನಲ್ಲ – ಹಾಜರ್, ಎರಡನೆಯದು, ತಂತಿ ಕಿತ್ತು ನೇರ ಕೂಡಿಸೋಣವೆಂದರೆ ಜೈಲಿನದು ಗಾಜಿನ ಎಳೆ, ಹೊಸ ಡಬ್ಬಿಯ ಬಾಯಿಗೇ ನೆಟ್ಟಿದೆ, ಬೇರೆಲ್ಲೂ ಕೂಡದು, ಗೇಟಿಗೆ ಒಂದು ಮಾತು ಬರೆದರೆ ಸಾಕು, ಹತ್ತರ ಪರವಾಗಿ ನೀನೇ ಓ ಅನ್ನು, ಬಂದದ್ದನ್ನು ಆಚೆ ದಾಟಿಸು ಅಂತ, ಒಂದೇ ಸಾಲು, ಪಾಸ್‌ವರ್ಡು ಮಲ್ಕಪ್ಪನ ಹತ್ತಿರ, ಎಂಟನೇತ್ತೆಗೆ ಸಾಲಿ ಬಿಟ್ಟವಗ ಅದೆಲ್ಲ ಯಾಕಲೇ, ವಾಯರ್ ಚುಚ್ಚು, ಹೋಗು, ಅಂದಿದ್ದ, ಈಗ ಫೋನ್ ಬಂದ್, ಆಳಂದದಲ್ಲಿ ಯಾರದೋ ಮದುವೆಯ ಹುಗ್ಗಿಗೆ ಕೂತಿರಬೇಕು, ಈ ಡಬ್ಬಿ ಎತ್ತಿ ಗೋಡೆಗೆ ಬಡಿಯಬೇಕು, ಬಡಿದರೆ ಆ ಕೂಗೂ ಹೋಗುತ್ತದೆ – ಧಮ್ಮಪಾಲ ಬಿನ್ ಅಣ್ಣಾರಾಯ ಹಾಜರ್, ಮೂರನೆಯದು, ಕೊನೆಯದು, ಓ, ಅದಾನ್ರೀ ಯಪ್ಪಾ, ನನ್ನ ಮಗಾ ಅದಾನ, ಪಡಸಾಲೆಯಿಂದ ಅವ್ವ ಮಾಳಮ್ಮನ ದನಿ, ನಿನ್ನ ಕರದಿಲ್ಲ ಬೇ ಯಮ್ಮಾ, ಸುಮ್ಮ ಕುಂದ್ರು, ಜವಾನ ಗದರಿದ, ಯಾರೋ ಕಿಸಕ್ಕನೆ ನಕ್ಕರು, ಅವ್ವ ಮತ್ತೆ ಓ ಅಂದಳು, ಜವಾನ ಮುಂದಿನ ಹೆಸರಿಗೆ ಹೋದ – ಹಸಿರು ದೀಪ ಮಿಣಕುತ್ತದೆ, ಆ ತುದಿಯಲ್ಲಿ ಬರಿದಾದ ತೆರೆಯ ಮುಂದೆ ಅಣ್ಣ ಇನ್ನೂ ಕೂತಿದ್ದಾನೆ, ಜಗದೇವ ಬಾಯಿ ತೆರೆಯುತ್ತಾನೆ, ದನಿ ಬರುವುದಿಲ್ಲ, ಹತ್ತು ಯಾರು, ಓ ಅನ್ನಿ, ಹತ್ತು ಯಾರು, ಓ ಅನ್ನಿ, ಹತ್ತು ಯಾರು –