ನೀರು ಕಾಣದ ಬೆಳಗು

ಎಲ್ಲಕ್ಕಿಂತ ಕೊನೆಗೆ ವಿಮಾನದಿಂದ ಎಸೆದದ್ದು ಚಹಾದ ಕೆಟಲನ್ನು. ಮೆಷಿನ್‌ಗನ್‌ಗಳು ಹೋದಾಗ ಯಾರೂ ತುಟಿಪಿಟಕ್ಕೆನ್ನಲಿಲ್ಲ. ಗುಂಡು ತಗುಲಿ ಮೂಕವಾಗಿದ್ದ ರೇಡಿಯೋ ಹೋಯಿತು, ಸೀಳಿಹೋಗಿದ್ದ ರಬ್ಬರ್ ದೋಣಿ ಹೋಯಿತು, ಹಾಸಿಗೆ, ಸ್ಟೋವ್, ಲಂಗರು, ನೀರಿನ ಮೇಲೆ ಗುರುತಿಗೆ ಬಿಡುವ ಹೊಗೆಡಬ್ಬಿಗಳು, ಕಡೆಗೆ ಎಲ್ಲರ ಬೂಟುಗಳೂ ಹೋದವು. ಕೆಟಲಿನ ಸರದಿ ಬಂದಾಗ ಮಾತ್ರ ಎಂಜಿನಿಯರ್ ಟುಲಕ್ ಮಲಗಿದ್ದಲ್ಲಿಂದಲೇ ಗೊಣಗಿದ. "ಅದೇನ್ ಮಹಾ ಭಾರ ಇತ್ತೂಂತ ಅದನ್ನೂ ಎಸೆದ್ರಿ? ಜಪಾನಿನೋರಿಗಿಂತ ಕಡೆ ಆದ್ರಲ್ರೋ ನೀವು."

ಎಸೆಯದೆ ಬೇರೆ ದಾರಿಯಿರಲಿಲ್ಲ. ಶತ್ರುವಿನ ಬಂದರಿನಲ್ಲಿ ಹಡಗು ಸಿಡಿಸುವ ಮೈನುಗಳನ್ನು ಇಳಿಸಿ ತಿರುಗುವಾಗ ಬಲಗಡೆಯ ಎಂಜಿನ್‌ಗೆ ಏಟು ಬಿದ್ದಿತ್ತು. ಅದೇ ಗುಂಡಿನ ಮಳೆಯಲ್ಲಿ ಟುಲಕ್‌ನ ತೊಡೆಯೂ ಹರಿದಿತ್ತು. ಆಮೇಲೆ ಕೋರಲ್ ಸಮುದ್ರದುದ್ದಕ್ಕೂ ನೀರಿನ ಮೇಲೇ ಇಳಿಯುವ ಆ ವಿಮಾನವನ್ನು, ಆ ಹಾರುವ ದೋಣಿಯನ್ನು, ಎಡಗಡೆಯ ಎಂಜಿನ್ ಒಂದೇ ಹೊತ್ತು ತಂದಿತ್ತು. ಅದು ಒಂದೇ ಸಮ ಅರಚುತ್ತಿತ್ತು. ಏನಾದರೂ ಎಸೆದಾಗಲೆಲ್ಲ ವಿಮಾನ ಸ್ವಲ್ಪ ಮೇಲೇಳುವುದು, ಮತ್ತೆ ಮೆಲ್ಲಗೆ ಕುಸಿಯುವುದು. ಹಾಗೂ ಹೀಗೂ ಅವರು ತಮ್ಮ ನೆಲೆಯಿದ್ದ ಕೆರ್ನ್ಸ್ ಊರಿನ ಹತ್ತಿರಕ್ಕೆ ಬಂದಿದ್ದರು.

ಟುಲಕ್‌ನ ತೊಡೆಯನ್ನು ಎರಡೂ ಕೈಗಳಿಂದ ಒತ್ತಿ ಹಿಡಿದು ಕೂತಿದ್ದವನು ಕ್ಲೆಮ್ ಪಾಸ್ಕೋ. ರೇಡಿಯೋ ಅವನ ಕೆಲಸ. ರೇಡಿಯೋ ಹೋದ ಮೇಲೆ ಇದೇ ಅವನ ಕೆಲಸವಾಗಿತ್ತು. ಅವನದು ಮರಳುಗಾಡಿನ ಗಣಿಯೂರು ಬ್ರೋಕನ್ ಹಿಲ್. ಮಳೆ ಕೈಕೊಟ್ಟ ವರ್ಷ ಅಲ್ಲಿಗೆ ಕುಡಿಯುವ ನೀರು ರೈಲಿನಲ್ಲಿ ಬರಬೇಕು. ಅಂಥ ಕಡೆ ಈಜು ಕಲಿಯುವುದೆಲ್ಲಿಂದ ಬಂತು? ಅವನನ್ನು ಹುಡುಕಿ ಹುಡುಕಿ ಹಾರುವ ದೋಣಿಗೇ ಹಾಕಿದ ಪುಣ್ಯಾತ್ಮ ಯಾರೋ! ಉಳಿದವರು ಲೈಫ್ ಜಾಕೆಟ್ಟನ್ನು ಮೊಳೆಗೆ ನೇತುಹಾಕುತ್ತಿದ್ದರೆ ಪಾಸ್ಕೋ ಹತ್ತುವಾಗ ತೊಟ್ಟಿದ್ದನ್ನು ಇಳಿದು ದಡ ಸೇರಿದ ಮೇಲೇ ಬಿಚ್ಚುವುದು. ನಿದ್ದೆ ಮಾಡುವಾಗಲೂ ಮೈಮೇಲೆ ಆ ಹಳದಿ ಜಾಕೆಟ್ ಇರಲೇಬೇಕು. ಅದಕ್ಕೇ ಎಲ್ಲರೂ ಅವನನ್ನು ಬಾತು ಎನ್ನುತ್ತಿದ್ದರು.

ಹೊರಗಿನ ದ್ವೀಪ ದಾಟುವವರೆಗೆ ಎಲ್ಲ ನೆಟ್ಟಗಿತ್ತು. ಅದರಾಚೆ ಬೆಟ್ಟಗಳು ಕಾಣಬೇಕಿತ್ತು, ಕಾಣಲಿಲ್ಲ. ಹಿಂದಿನ ಸಂಜೆ ದಡದ ರೈತರು ಕಟಾವಿಗೆ ಮುಂಚೆ ಸೋಗೆ ಸುಡಲೆಂದು ಕಬ್ಬಿನ ಗದ್ದೆಗಳಿಗೆ ಬೆಂಕಿ ಕೊಟ್ಟಿದ್ದರು. ಆ ಹೊಗೆ ಅಲುಗಾಡದೆ ಇಡೀ ಕೊಲ್ಲಿಯ ಮೇಲೆ ಕವುಚಿಕೊಂಡಿತ್ತು. ಸುಟ್ಟ ಸಕ್ಕರೆಯ ವಾಸನೆ ವಿಮಾನದೊಳಗೂ ಬಂತು. ಕೆರ್ನ್ಸ್ ಊರಿನ ವಾಸನೆ ಅದು. ಮೂಗಿಗೆ ಬಡಿದೊಡನೆ ಪಾಸ್ಕೋನ ಕಣ್ಣು ತುಂಬಿತು.

ವಿಮಾನದ ಪಕ್ಕೆಯಿಂದ ಹೊರಕ್ಕೆ ಉಬ್ಬಿದ ಕಿಟಕಿಯ, ಗಾಜಿನ ಗುಳ್ಳೆಯ ಕಡೆ ಕೊರಳುದ್ದ ಮಾಡಿ ನೋಡಿದ. ನೋಡಿದವನಿಗೆ ಉಸಿರಾಡುವುದೇ ಮರೆತುಹೋಯಿತು. ಗಾಳಿಯ ಸುಳಿವಿಲ್ಲ, ಒಂದು ಸುಕ್ಕೂ ಇಲ್ಲದ ನೀರು ಆಕಾಶದ ಬಿಳುಪನ್ನೇ ಹೊದ್ದು ಬಿದ್ದಿದೆ. ಎಲ್ಲಿ ಆಕಾಶ ಮುಗಿಯಿತು, ಎಲ್ಲಿ ಸಮುದ್ರ ಶುರುವಾಯಿತು, ಹೇಳುವ ಗೆರೆಯೇ ಇಲ್ಲ. ಮೇಲೂ ಇಲ್ಲ, ಕೆಳಗೂ ಇಲ್ಲ. ಲೋಕ ಇನ್ನೂ ಹುಟ್ಟುವುದಕ್ಕೆ ಮುಂಚೆ ಹೀಗೇ ಇದ್ದಿರಬೇಕು ಅನ್ನಿಸಿತು ಅವನಿಗೆ. ಭಯಕ್ಕಿಂತ ಮೊದಲು ಬಂದದ್ದು ಆ ಬೆರಗು.

ಭಯವನ್ನು ವಿಮಾನ ನಡೆಸುತ್ತಿದ್ದ ಕ್ಯಾಪ್ಟನ್ ಟ್ರೆಲೋರ್ ತಂದ. "ನೀರೆಲ್ಲಿದೆ ಅಂತ ನಂಗೆ ಕಾಣ್ತಿಲ್ಲ ಕಣ್ರಯ್ಯಾ," ಎಂದ ಹೆಡ್‌ಫೋನಿನಲ್ಲಿ, ಚಹಾ ತಣ್ಣಗಾಗಿದೆ ಎನ್ನುವ ದನಿಯಲ್ಲಿ.

ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು. ಅಲೆಯಿದ್ದರೆ ಪೈಲಟ್‌ನ ಕಣ್ಣಿಗೆ ನೀರು ಎಷ್ಟು ಕೆಳಗಿದೆ ಎಂದು ತಿಳಿಯುತ್ತದೆ. ಕನ್ನಡಿಯಂಥ ನೀರು ಕಣ್ಣಿಗೆ ಮಣ್ಣೆರಚುತ್ತದೆ. ಇನ್ನೂ ಎತ್ತರವಿದೆ ಅಂದುಕೊಂಡವನು ಮೂಗಿನಿಂದ ಬಡಿಯುತ್ತಾನೆ; ಮುಟ್ಟಿದೆ ಅಂದುಕೊಂಡವನು ಮರದೆತ್ತರದಿಂದ ಬೀಳುತ್ತಾನೆ. ಎತ್ತರ ತೋರಿಸುವ ಮುಳ್ಳನ್ನು ನಿನ್ನೆಯ ಗಾಳಿಯ ಒತ್ತಡಕ್ಕೆ ಹೊಂದಿಸಿಟ್ಟದ್ದು, ಅದನ್ನೂ ನಂಬುವಂತಿಲ್ಲ. ಇಂಥದೇ ಬೆಳಿಗ್ಗೆ ಇನ್ನೊಂದು ಹಾರುವ ದೋಣಿ ಇದೇ ಕೊಲ್ಲಿಯಲ್ಲಿ ಇಳಿಯಹೋಗಿ ಒಬ್ಬನೂ ಉಳಿದಿರಲಿಲ್ಲ. ಗಾಳಿ ಏಳುವತನಕ ಸುತ್ತುಹಾಕೋಣವೆಂದರೆ ಪೆಟ್ರೋಲ್ ಇಲ್ಲ, ಟುಲಕ್‌ನ ಮೈಯಲ್ಲಿ ರಕ್ತವೂ ಇಲ್ಲ.

ತೇಲುವಂಥದ್ದು ಏನಾದರೂ ಎಸೆಯಿರಿ, ಕಣ್ಣಿಗೊಂದು ಗುರುತು ಬೇಕು ಎಂದ ಕ್ಯಾಪ್ಟನ್. ಒಳಗೆ ಎಲ್ಲರೂ ಮುಖಮುಖ ನೋಡಿಕೊಂಡರು. ಬೋಳು ತಗಡು ಬಿಟ್ಟರೆ ಏನೂ ಉಳಿದಿರಲಿಲ್ಲ. ಕೊನೆಗೆ ಕ್ಯಾಪ್ಟನ್ನೇ ಜಾಕೆಟ್‌ಗಳ ಮಾತೆತ್ತಿದ. ಒಂದೊಂದಾಗಿ, ದೂರ ದೂರ ಬಿಡಬೇಕು. ಪಾಸ್ಕೋ ತನ್ನದನ್ನು ಇಟ್ಟುಕೊಳ್ಳಲಿ, ಉಳಿದ ಏಳು ಸಾಕು. ಹೇಳಿದವನು ತನ್ನದನ್ನೇ ಮೊದಲು ಹಿಂದಕ್ಕೆ ಕಳಿಸಿದ. ಟುಲಕ್ ತಲೆಯಡಿಯಿಂದ ತನ್ನದನ್ನು ಎಳೆದುಕೊಟ್ಟ.

ಆದರೆ ರಾತ್ರಿಯೆಲ್ಲ ಎಸೆದೂ ಎಸೆದೂ ಕೈಗಳಿಗೆ ಅದೇ ಅಭ್ಯಾಸ ಆಗಿಬಿಟ್ಟಿತ್ತು. ಗುಳ್ಳೆಯ ಬಾಗಿಲಲ್ಲಿದ್ದ ಗನ್ನರ್ ಏಳನ್ನೂ ಬಾಚಿ ಒಂದೇ ಸಲಕ್ಕೆ ಸುರಿದುಬಿಟ್ಟ. ವಿಮಾನ ವಾಲಿ ತಿರುಗಿದಾಗ ಬಿಳುಪಿನ ನಡುವೆ ಒಂದೇ ಒಂದು ಹಳದಿ ಕಲೆ ಕಂಡಿತು. ಕ್ಯಾಪ್ಟನ್ ಬೈಯಲಿಲ್ಲ. ಒಂದು ಗುರುತಿನಿಂದ ಆಗುವುದಿಲ್ಲ, ಅದರ ಮುಂದೆ ಇನ್ನೊಂದಿದ್ದರೆ ನೀರಿನ ಮಟ್ಟ ಸಿಕ್ಕೀತು ಎಂದಷ್ಟೇ ಹೇಳಿದ. ಇನ್ನೊಂದು ಯಾರ ಮೈಮೇಲಿದೆ ಎಂದು ಅವನಿಗೆ ಗೊತ್ತಿತ್ತು, ಆದರೂ ಕೇಳಲಿಲ್ಲ. ಹಾಗೆ ಕೇಳದೆ ಇದ್ದದ್ದನ್ನೇ ಪಾಸ್ಕೋಗೆ ತಡೆದುಕೊಳ್ಳಲಾಗಲಿಲ್ಲ.

ಅವನು ಟುಲಕ್‌ನ ಕಡೆ ಬಾಗಿದ. "ಟುಲಕ್, ನೀರಲ್ಲಿ ಮುಳುಗಿದ್ರೆ ಸಾಯಕ್ಕೆ ತುಂಬಾ ಹೊತ್ತು ಹಿಡಿಯುತ್ತೇನೋ?"

"ಯಾವನಿಗ್ ಗೊತ್ತು. ನಾನಿನ್ನೂ ಮುಳುಗಿಲ್ಲ."

ಪಾಸ್ಕೋ ನಕ್ಕುಬಿಟ್ಟ. ನಗುವಾಗಲೇ ಅವನ ಕೈಕೆಳಗೆ ಬಿಸಿ ರಕ್ತ ಒಮ್ಮೆ ಉಕ್ಕಿತು. ಒತ್ತಿದ ಕೈ ತೆಗೆಯುವ ಹಾಗಿಲ್ಲ. ಜಾಕೆಟ್ಟಿನ ದಾರಗಳಿಗೋ ಗಂಟಿನ ಮೇಲೆ ಗಂಟು.

"ಬಿಚ್ಚೋಕಾಗಲ್ಲ, ಕೊಯ್ಯೋ," ಎಂದ.

ಟುಲಕ್ ಅವನ ಮುಖವನ್ನೇ ನೋಡಿದ. ಬಾತು ಎನ್ನಲಿಲ್ಲ. "ಕ್ಲೆಮ್, ನಿಜವಾಗ್ಲೂನಾ?" ಎಂದು ಕೇಳಿದ.

"ಬೇಗ ಕೊಯ್ಯೋ ಮಾರಾಯಾ. ಆಮೇಲೆ ನಂಗೆ ಧೈರ್ಯ ಇರಲ್ಲ."

ಎಸೆಯಬೇಕಿದ್ದ ಚಾಕುವೊಂದು ಟುಲಕ್‌ನ ಜೇಬಿನಲ್ಲಿ ಉಳಿದಿತ್ತು. ಅವನು ದಾರಗಳನ್ನು ಒಂದೊಂದಾಗಿ ಕೊಯ್ದ, ಗನ್ನರ್ ಜಾಕೆಟ್ಟನ್ನು ತಲೆಯ ಮೇಲಿಂದ ಎಳೆದುಕೊಂಡ. ಪಾಸ್ಕೋನ ಎದೆಗೆ ಗಾಳಿ ತಣ್ಣಗೆ ತಾಗಿತು. ಅಮ್ಮ ನೆನಪಾದಳು, ಒಂದೇ ತೊಟ್ಟಿ ನೀರಿನಲ್ಲಿ ಮಕ್ಕಳೆಲ್ಲರನ್ನೂ ತೊಳೆಯುತ್ತಿದ್ದವಳು. ಮೊದಲ ಕಲೆಯನ್ನು ದಾಟಿ ಸಾಕಷ್ಟು ದೂರ ಹೋದ ಮೇಲೆ ಗನ್ನರ್ ಕೈಬಿಟ್ಟ. ಬಿಳುಪಿನೊಳಗೆ ಬಿದ್ದ ಆ ಹಳದಿ ಚೂರು ಒಂದು ಕಡೆ ತಟ್ಟನೆ ನಿಂತಿತು. ಅದರ ಸುತ್ತ ಬಳೆಯಂಥ ಒಂದು ಗೆರೆ ಮೂಡಿ ಅಗಲವಾಯಿತು. ಅಲ್ಲಿ ನೀರಿತ್ತು.

"ಸಿಕ್ತು," ಎಂದ ಕ್ಯಾಪ್ಟನ್. ಅವನ ದನಿ ಮೊದಲ ಸಲ ಒಡೆದಿತ್ತು.

ತಿರುಗಿ ಬಂದು ಇಳಿಯುವಾಗ ಪಾಸ್ಕೋ ಕಣ್ಣು ಮುಚ್ಚಲಿಲ್ಲ. ಟುಲಕ್‌ನ ತೊಡೆಯ ಮೇಲೆ ತನ್ನ ಮೈಭಾರವನ್ನೆಲ್ಲ ಹಾಕಿ ಕೂತ. ಮೊದಲ ಹಳದಿ ಪಕ್ಕದಲ್ಲಿ ಹಾದುಹೋಯಿತು. ವಿಮಾನದ ಹೊಟ್ಟೆಯ ಅಡಿಯಲ್ಲಿ ಬಟ್ಟೆ ಹರಿದಂಥ ಸದ್ದಾಯಿತು, ಆಮೇಲೆ ದೊಡ್ಡ ಏಟು, ಇನ್ನೊಂದು ಏಟು. ತಗಡಿನ ಮೊಳೆಗಳು ಕಿತ್ತು ನೀರು ಚಿಲ್ಲನೆ ಒಳಗೆ ಚಿಮ್ಮಿತು. ಆ ತೂತುಗಳಿಗೆ ಪೆನ್ಸಿಲ್ ಚೂರು ತುರುಕುತ್ತ ಗನ್ನರ್ ಓಡಾಡಿದ. ಎಂಜಿನ್ ಕೆಮ್ಮಿ ತಾನಾಗಿ ನಿಂತಿತು. ವಿಮಾನ ತೇಲುತ್ತಿತ್ತು.

ಅಷ್ಟು ಹೊತ್ತಿನ ಆರ್ಭಟದ ಮೇಲೆ ಬಂದ ಮೌನಕ್ಕೆ ಎಲ್ಲರೂ ಹೆದರಿದವರಂತೆ ಕೂತರು. ಕ್ಯಾಪ್ಟನ್ ಬಂದು ಟುಲಕ್‌ನ ಕಾಲಿಗೆ ತನ್ನ ಅಂಗಿ ಹರಿದು ಬಿಗಿಯಾಗಿ ಕಟ್ಟಿದ. ಪಾಸ್ಕೋನ ಭುಜದ ಮೇಲೆ ಒಮ್ಮೆ ಕೈಯಿಟ್ಟ.

ಪಾಸ್ಕೋ ಗುಳ್ಳೆಯ ಅಂಚಿಗೆ ಮಂಡಿಯೂರಿ ಕೂತು, ಬರಿಯ ಅಂಗಿಯಲ್ಲಿ, ಕೈಗಳೆರಡನ್ನೂ ಸಮುದ್ರಕ್ಕೆ ಅದ್ದಿದ. ನೀರು ಬೆಚ್ಚಗಿತ್ತು. ವಿಮಾನ ಎಬ್ಬಿಸಿದ ಅಲೆ ಉದ್ದಕ್ಕೆ ಮಡಿಕೆ ಮಡಿಕೆಯಾಗಿ ಸರಿದು ಹೊಗೆಯೊಳಗೆ ಮರೆಯಾಯಿತು.

"ದಡ ಯಾವ ಕಡೆಗಿದೆಯೋ?" ಎಂದ ಟುಲಕ್ ಒಳಗಿನಿಂದ, ಕ್ಷೀಣವಾಗಿ.

ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಕಿವಿಗೊಟ್ಟರು. ತುಂಬ ಹೊತ್ತಿನ ಮೇಲೆ, ಹೊಗೆಯಾಚೆ ಎಲ್ಲೋ ಎಡಗಡೆ, ಆ ಅಲೆ ಮರಳಿನ ಮೇಲೆ ಮುರಿದು ಬಿದ್ದ ಸದ್ದು ಕೇಳಿಸಿತು.