ಗದ್ದೆಪ್ಪನ ಕೆಂಪು ಬಟನ್‌ಗಳು

ಗೋಡೆಗೆ ಒರಗಿಸಿ ಕೂರಿಸಿದ್ದ ಗದ್ದೆಪ್ಪನ ಹಣೆಗೆ ಯಂಕಮ್ಮ ವಿಭೂತಿ ಹಚ್ಚುತ್ತಿರುವಾಗಲೇ ಮಾನ್ವಿಯ ಹತ್ತಿ ಮಿಲ್ಲಿನ ಸೈರನ್ ಕೂಗಿತು. ಮಿಲ್ಲಿನ ಕರೆಂಟಿನ ಕೆಲಸವೆಲ್ಲ ನೋಡಿಕೊಂಡು, ಆ ಕೂಗಿಗೆ ಎಲ್ಲರಿಗಿಂತ ಮೊದಲು ಓಡುತ್ತಿದ್ದವನು ಇವತ್ತು ಕಣ್ಣು ಮುಚ್ಚಿ ಆರಾಮಾಗಿ ಕೂತಿದ್ದ.

"ಹೋಗವ್ವಾ, ತಡ ಆದ್ರ ಸಾವುಕಾರ ಒಳಗ ಬಿಡಂಗಿಲ್ಲ," ಎಂದಳು ಅವನ ಹೆಂಡತಿ ಬಸವಂತಮ್ಮ.

"ಮಣ್ಣಿಗೂ ಬರದಂಗಾತಲ್ಲ ಯಕ್ಕಾ."

"ನೀ ಬರದಿದ್ರೇನಾತು, ಅವನೇ ಬರ್ತಾನ. ಮಿಲ್ಲಿನ ಮುಂದಿಂದಲೇ ಒಯ್ತಾರ." ಬಸವಂತಮ್ಮ ದನಿ ತಗ್ಗಿಸಿದಳು. "ಆ ಹೊತ್ತಿಗೆ ಒಂದೀಟು ಮಿಷನ್ ನಿಂದ್ರಸಾಕ ಹೇಳು. ಬ್ಯಾರೆ ಏನೂ ಬ್ಯಾಡ ನನಗ."

ಯಂಕಮ್ಮ ಹೋಗಿ ಹೇಳಿದಳು. ಸಾವುಕಾರ ಕೊಟ್ರೇಶ ಲಾರಿಯ ಚಿಂತೆಯಲ್ಲಿದ್ದ. "ಗದ್ದೆಪ್ಪ ದೊಡ್ಡ ಮನಷ್ಯಾ, ಇಲ್ಲ ಅನ್ನಂಗಿಲ್ಲ. ಆದ್ರ ರಾಯಚೂರಿನ ಲಾರಿ ಕಾಯಾಕತ್ತದ. ಇವತ್ತು ಯಾರರ ಮಿಷನ್ ನಿಂದ್ರಿಸಿದ್ರ ನಾಳಿಂದ ಬರೂದು ಬ್ಯಾಡ."

ಗಂಡನಿಲ್ಲದ ಯಂಕಮ್ಮನ ಮನೆಯ ಒಲೆ ಉರಿಯುತ್ತಿದ್ದುದೇ ಈ ಕೂಲಿಯಿಂದ. ತನ್ನ ಜಾಗಕ್ಕೆ ಹೋಗಿ ಕೂತಳು.

*

ಆ ಮಿಲ್ಲಿಗೆ ಮೋಟರು ಒಂದೇ. ಅದು ತಿರುಗಿದರೆ ಸಾಲಾಗಿ ಕೂತ ಹೆಂಗಸರ ಮುಂದಿನ, ಹತ್ತಿ ಬಿಡಿಸುವ ಉರುಳೆಗಳೆಲ್ಲ ತಿರುಗುತ್ತವೆ. ಮೊದಲೆಲ್ಲ ಅದನ್ನು ನಿಲ್ಲಿಸುವ ಬಟನ್ನೂ ಒಂದೇ ಇತ್ತು, ಅದೂ ಕೊನೆಯ ಗೋಡೆಯಲ್ಲಿ. ಒಮ್ಮೆ ಯಂಕಮ್ಮನ ಸೆರಗು ಬೆಲ್ಟಿಗೆ ಸಿಕ್ಕಿತು. ಕುತ್ತಿಗೆ ಬಿಗಿಯುತ್ತಿದ್ದರೆ ಪಕ್ಕದ ಅಲ್ಮಾಸ್‌ಗೆ ಕಿರುಚುವುದಷ್ಟೇ ಸಾಧ್ಯವಾಯಿತು. ಗದ್ದೆಪ್ಪ ಹತ್ತಿಯ ರಾಶಿ ಹಾರಿ ಓಡಿ ಮೋಟರು ನಿಲ್ಲಿಸಿದ.

ಮರುದಿನದಿಂದಲೇ ವೈರು ಎಳೆಯತೊಡಗಿದ. ಒಬ್ಬೊಬ್ಬಳ ಕೈಯನ್ನೂ ಚಾಚಿಸಿ ನೋಡಿ, ಅದು ಮುಟ್ಟುವಲ್ಲೇ ಒಂದೊಂದು ಕೆಂಪು ಬಟನ್ ಕೂರಿಸಿದ. ಎಲ್ಲವನ್ನೂ ಹೂ ಪೋಣಿಸಿದಂತೆ ಒಂದೇ ವೈರಿನಲ್ಲಿ ಪೋಣಿಸಿದ. ಯಾವುದನ್ನು ಒತ್ತಿದರೂ ಮಿಷನ್ ನಿಲ್ಲುತ್ತಿತ್ತು. ಶುರು ಮಾಡುವ ಹಸಿರು ಬಟನ್ ಎರಡು: ಮೋಟರಿನ ಹತ್ತಿರ ಒಂದು, ಸಾವುಕಾರನ ಕೋಣೆಯಲ್ಲಿ ಒಂದು.

"ಒಬ್ಬಾಕಿ ಕೈ ಕೆಂಪಿನ ಮ್ಯಾಲ ಇರೂತನಕ ಯಾವ ಹಸಿರು ಒತ್ತಿದ್ರೂ ಇದು ಓಡಂಗಿಲ್ಲ," ಎಂದು ಎಲ್ಲರಿಗೂ ತೋರಿಸಿದ್ದ.

"ಯಾರು ಒತ್ತಿದ್ರು ಅಂತ ತಿಳಿಯಾಕ ಒಂದೊಂದು ಲೈಟ್ ಹಾಕು," ಎಂದಿದ್ದ ಕೊಟ್ರೇಶ. "ಇಲ್ಲಾಂದ್ರ ಸುಮ್ಮಸುಮ್ಮನ ನಿಂದ್ರಿಸಿ ಕೂಡ್ತಾರ."

"ಹಾಕಬಹುದ್ರೀ. ಆದ್ರ ಹೆಸರು ಸಿಗತದ ಅಂದ್ರ ಹೆದರಿ ಯಾರೂ ಒತ್ತಂಗಿಲ್ಲ. ಅಷ್ಟರಾಗ ಒಬ್ಬಾಕಿ ಜೀವ ಹೋಗಿರ್ತದ. ಲೈಟ್ ನಾ ಹಾಕಂಗಿಲ್ಲ."

ಕೊಟ್ರೇಶ ಮುಖ ಊದಿಸಿಕೊಂಡ. ಲೈಟು ಬರಲಿಲ್ಲ.

*

ಮಿಲ್ಲಿನ ಸದ್ದಿನಲ್ಲಿ ಭಜನೆ ಕೇಳಿಸಲಿಲ್ಲ. ತೆರೆದ ಬಾಗಿಲಾಚೆ, ದೂರದಲ್ಲಿ, ಗದ್ದೆಪ್ಪನನ್ನು ಕೂರಿಸಿ ಹೊತ್ತ ಹೂವಿನ ವಿಮಾನದ ತುದಿ ಮಾತ್ರ ಕಂಡಿತು. ಯಂಕಮ್ಮ ಒಮ್ಮೆ ಮನೆಯ ಒಲೆಯನ್ನು ನೆನೆದಳು. ಆಮೇಲೆ ಕೈ ತಾನಾಗಿ ಕುತ್ತಿಗೆಗೆ ಹೋಯಿತು. ಅಲ್ಲಿಂದ ಅದು ನೇರ ಕೆಂಪು ಬಟನ್ನಿಗೆ ಹೋಗಿ ಕೂತಿತು.

ಸದ್ದು ಇಳಿಯುತ್ತಾ ಇಳಿಯುತ್ತಾ ನಿಂತಿತು. ತಾಳದ ದನಿ ಒಳಗೆ ಬಂತು. ತಲೆಯೆತ್ತಿ ನೋಡಿದರೆ ಅಲ್ಮಾಸ್‌ಳ ಅಂಗೈಯೂ ಅವಳ ಬಟನ್ನಿನ ಮೇಲೆ. ಅದರಾಚೆ ರೇಣುಕಮ್ಮನದು. ಸಾಲಿನ ಕೊನೆಯವರೆಗೂ ಹಾಗೇ. ಯಾರೂ ಯಾರಿಗೂ ಹೇಳಿರಲಿಲ್ಲ. ಯಂಕಮ್ಮನಿಗೆ ಸತ್ತವನೇ ಬಂದು ಒಬ್ಬೊಬ್ಬರ ಕೈ ಹಿಡಿದು ಒತ್ತಿಸಿದನೇನೋ ಅನ್ನಿಸಿತು.

ಕೊಟ್ರೇಶ ಕೋಣೆಯಿಂದ ಹೊರಬಂದ. "ಯಾರು ನಿಂದ್ರಿಸಿದ್ದು?"

"ಗೊತ್ತಿಲ್ರೀ," ಎಂದಳು ಯಂಕಮ್ಮ. ಅದು ಸುಳ್ಳಾಗಿರಲಿಲ್ಲ. "ನಾನೂ ಒತ್ತೀನಿ. ಯಾರದು ಮೊದಲು ಅಂಬೋದು ಆ ಕರೆಂಟಿನ ವೈರಿಗೂ ಗೊತ್ತಿಲ್ಲ."

ಕೊಟ್ರೇಶ ದಡದಡ ಮೋಟರಿನ ಹತ್ತಿರ ಹೋಗಿ ಹಸಿರು ಬಟನ್ ಒತ್ತಿದ. ಮಿಷನ್ ಮಿಸುಕಲಿಲ್ಲ. ಮತ್ತೊಮ್ಮೆ ಒತ್ತಿದ. ಆಮೇಲೆ ತಿರುಗಿ ಹೆಂಗಸರ ಸಾಲನ್ನು ನೋಡುತ್ತ ನಿಂತ.

ವಿಮಾನ ಬಾಗಿಲಿಗೆ ಬಂದಿತ್ತು. ಅದರ ಹಿಂದೆ ನಡೆಯುತ್ತಿದ್ದ ಬಸವಂತಮ್ಮ ನಿಂತು, ಸದ್ದಿಲ್ಲದ ಮಿಲ್ಲಿಗೆ ಕೈ ಮುಗಿದಳು. ಕೊಟ್ರೇಶ ಹಸಿರಿನಿಂದ ಬೆರಳು ತೆಗೆದ. ಚಪ್ಪಲಿ ಕಳಚಿ ಬದಿಗಿಟ್ಟ.

ಶಂಖದ ದನಿ ರಸ್ತೆಯ ತಿರುವು ದಾಟುವವರೆಗೂ ಕೆಂಪಿನ ಮೇಲಿಂದ ಒಂದು ಕೈಯೂ ಏಳಲಿಲ್ಲ.