ಮಾಲೆ ಹಾಕಿದವನ ಹೊಟ್ಟೆ

"ಅಂಗಿ ಎತ್ತು," ಎಂದಳು ಹೇಮಾವತಿ, ಹೊಸ್ತಿಲಿಗೆ ಅಡ್ಡ ನಿಂತು.

ಗಿಣಿಗೇರಾದ ಕಬ್ಬಿಣದ ಕಾರ್ಖಾನೆಯಲ್ಲಿ ಲೋಡಿಂಗ್ ಕೆಲಸ ಮುಗಿಸಿ ಬಂದ ಗಂಡ ಮಲ್ಲೇಶ ಗೋಡೆ ಹಿಡಿದು ನಿಂತ. ಅವನು ಜೋಲಿ ಹೊಡೆಯುತ್ತ ಬರುವುದನ್ನು ಅವಳು ಓಣಿಯ ತಿರುವಿನಿಂದಲೇ ನೋಡಿದ್ದಳು. ಅಂಗಿಯೊಳಗೆ ಏನೋ ಉಬ್ಬಿಕೊಂಡಿತ್ತು. ಬಾಟಲಿಯಲ್ಲದೆ ಇನ್ನೇನು?

"ಏನಿಲ್ಲ ಬಿಡು."

"ಏನಿಲ್ಲಂದ್ರ ತೋರಸಾಕ ಏನ ಧಾಡಿ?"

ಅವಳೇ ಕೈ ಹಾಕಿದಳು. ಬಾಟಲಿ ಇರಲಿಲ್ಲ. ಹೊಟ್ಟೆಯೇ ಬಿಗಿದುಕೊಂಡು ನೀರು ತುಂಬಿದ ಕೊಡದಂತೆ ಕುಳಿತಿತ್ತು. ತೋಳುಗಳು ಮಾತ್ರ ಜೋಳದ ದಂಟಿನ ಹಾಗೆ ಒಣಗಿದ್ದವು.

ಸಮಾಧಾನವಾಗುವ ಬದಲು ಅವಳ ಸಿಟ್ಟು ಇನ್ನಷ್ಟು ಏರಿತು. ಮದುವೆಯಾದಾಗಿನಿಂದ ಕುಡಿಯುತ್ತಲೇ ಬಂದವನನ್ನು ಹೋದ ಕಾರ್ತಿಕದಲ್ಲಿ ಪಂಢರಪುರಕ್ಕೆ ಕರೆದೊಯ್ದು, ಕುಡಿತ ಬಿಡಲೆಂದು ತುಳಸಿ ಮಾಲೆ ಹಾಕಿಸಿ ಕರೆತಂದಿದ್ದಳು. ಮಾಲೆ ಹಾಕಿಕೊಂಡು ಮತ್ತೆ ಕುಡಿದವನ ಹೊಟ್ಟೆ ಉಬ್ಬುತ್ತದೆ ಎಂದು ಅತ್ತೆ ಪಕ್ಕೀರವ್ವ ಅವತ್ತೇ ಹೇಳಿದ್ದಳು. ಈಗ ಸಾಕ್ಷಿ ಕೈಗೇ ಸಿಕ್ಕಿತ್ತು.

"ಕುಡದೀ. ಮಗಳನ್ನ ಕರಕೊಂಡು ಯಲಬುರ್ಗಾಕ ತವರಮನಿಗಿ ಹೊಕ್ಕೀನಿ ನಾ."

"ಇಠ್ಠಲನ ಆಣಿ, ಹನಿ ಮುಟ್ಟಿಲ್ಲ."

"ಕುಡದಾಗೂ ಹಿಂಗ ಆಣಿ ಮಾಡ್ತಿದ್ದಿ. ಅವಾಗ ಎಲ್ಲಮ್ಮ, ಈಗ ಇಠ್ಠಲ. ದೇವರನ್ನ ಬದಲಿ ಮಾಡೀ ಅಷ್ಟ."

ಮರುದಿನ ಅವನಿಗೆ ರಜೆ. ಕದ್ದು ಕುಡಿಯುವುದನ್ನು ಕಣ್ಣಾರೆ ಕಂಡೇ ತವರಿಗೆ ಹೊರಡಬೇಕೆಂದು ಹೇಮಾವತಿ ತೊಗರಿಬೇಳೆ ಹಸನು ಮಾಡುತ್ತ ಬಾಗಿಲಲ್ಲೇ ಕುಳಿತಳು. ಹಿತ್ತಲಿಗೆ ಹೋದರೆ ಹಿಂದೆಯೇ ಹೋದಳು. ಅವನು ಓಣಿಗೆ ಕಾಲಿಡಲಿಲ್ಲ, ಯಾರೂ ಒಳಗೆ ಬರಲಿಲ್ಲ. ಆದರೂ ಸಂಜೆ ಎದ್ದವನು ಅದೇ ಜೋಲಿ ಹೊಡೆದ. ಚಹಾಕ್ಕೆ ಉಪ್ಪು ಹಾಕಿಕೊಂಡು ಕುಡಿದ. ಅವಳನ್ನು ಸತ್ತುಹೋದ ತನ್ನ ಅಕ್ಕನೆಂದು ತಿಳಿದು, "ಗಾಡಿ ಬಂತೇನ, ಅನ್ನಪೂರ್ಣಕ್ಕಾ?" ಅಂದ.

ಹೇಮಾವತಿ ಹಾಸಿಗೆ ಕೊಡವಿದಳು, ಡಬ್ಬಿ ಡಬ್ಬಿ ಮೂಸಿದಳು. ಎಲ್ಲೂ ಏನೂ ಇಲ್ಲ. ಒಂದು ಬಾಟಲಿ ಸಿಕ್ಕಿದ್ದರೂ ಚಲೋ ಇತ್ತು ಅನ್ನಿಸಿತು.

ಪಕ್ಕದ ಮನೆಯ ತಾಜಬೀಯನ್ನು ಕೂಗಿ, ಮಾಲೆಯ ಮಾತನ್ನೂ ಹೇಳಿದಳು. ತಾಜಬೀ ಅವನ ಕಣ್ಣರೆಪ್ಪೆ ಎಳೆದು ನೋಡಿದಳು, ಬಿಳಿಯೆಲ್ಲ ಅರಿಶಿನ. ಪಾದ ಒತ್ತಿದಳು, ಬಿದ್ದ ಕುಳಿ ಹಾಗೇ ನಿಂತಿತು.

"ನಮ್ಮ ಭಾಯಿಗೂ ಹಿಂಗ ಆಗಿತ್ತವಾ. ಅವನೂ ಕುಡಿಯೋದು ಬಿಟ್ಟಿದ್ದ. ಇವ ಬಿಟ್ರೂ ಅದು ಬಿಡಂಗಿಲ್ಲ. ಕಲೀಜಾ, ಅದ ಲಿವರ್ ಅಂತಾರಲ್ಲ, ಅದನ್ನ ಮೊದಲ ತಿಂದು ಹಾಕಿರತೈತಿ. ಬ್ಯಾನಿ ಇದು. ನಿಮ್ಮ ಇಠ್ಠಲನ ಮ್ಯಾಲೆ ಯಾಕ ಹಾಕ್ತಿ? ಕೊಪ್ಪಳ ದವಾಖಾನಿಗಿ ನಡಿ, ಹೊತ್ತು ಮಾಡಬ್ಯಾಡ."

ಅವತ್ತೇ ಸಂಜೆ ಕೊಪ್ಪಳದ ಬಸ್ಸು ಹತ್ತುವಾಗ ಮಲ್ಲೇಶನ ಕಾಲು ಮೆಟ್ಟಿಲು ತಪ್ಪಿತು. ಕಂಡಕ್ಟರ್ ಕೈ ಅಡ್ಡ ಹಿಡಿದ.

"ಇಳಸ್ರಿ ಯಕ್ಕಾರ. ಕುಡದವ್ರನ್ನ ಹತ್ತಸಂಗಿಲ್ಲ. ಮೊನ್ನಿ ಒಬ್ಬಾವ ಸೀಟಿನ ಮ್ಯಾಲೇ ಕಾರಿಕೊಂಡ."

"ಕುಡದಿಲ್ರಿ ಇವರು. ಆರಾಮಿಲ್ರಿ."

"ಎಲ್ಲಾರ ಹೇಣ್ತ್ಯಾರೂ ಇದನ್ನ ಹೇಳ್ತಾರ."

"ನಾ ಮುಂಜಾನಿಂದ ಬಾಗಲದಾಗ ಕುಂತು ಕಾದೇನ್ರಿ. ಕುಡದಿಲ್ಲ."

ಕಂಡಕ್ಟರ್ ಕಣ್ಣು ಕಿರಿದು ಮಾಡಿ ಇಬ್ಬರನ್ನೂ ನೋಡಿದ. ಕೈ ತೆಗೆಯಲಿಲ್ಲ. ಆಗ ಮಲ್ಲೇಶ, ಯಾರೂ ಕೇಳದೆಯೇ, ಕಂಬಿ ಹಿಡಿದು ಕಂಡಕ್ಟರನ ಮುಖದ ಹತ್ತಿರಕ್ಕೆ ಬಾಗಿ, ಬಾಯಿ ಅಗಲವಾಗಿ ತೆರೆದು, ಹಾ ಎಂದು ನೀಳವಾಗಿ ಉಸಿರು ಬಿಟ್ಟ. ಬಿಟ್ಟು, ಹೆಂಡತಿಯ ಮುಖ ನೋಡಿದ.